ಕಂಪ್ಯೂಟರಿಗೆ ಬಾಯಿ ಹೋದಾಗ



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಐಸಿಟಿ ಲ್ಯಾಬಿನ ಕಂಪ್ಯೂಟರುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ನಮ್ಮದು ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆ. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಗ್ನೂ/ಲಿನಕ್ಸ್ ಬಳಸುತ್ತಾರೆ. ನಮ್ಮಲ್ಲಿ ಮೊದಲು ಇದ್ದದ್ದು 18.04 ಆಧಾರಿತ ಆವೃತ್ತಿ, ಈಗ ಹಾಕಿದ್ದು 22.04 ಆಧಾರಿತ ಆವೃತ್ತಿ. ಈ ಸಂಖ್ಯೆಗಳಲ್ಲಿ ಗುಟ್ಟೇನೂ ಇಲ್ಲ, ಬಿಡುಗಡೆಯಾದ ವರ್ಷ ಮತ್ತು ತಿಂಗಳು ಅಷ್ಟೆ: 2018ರ ಏಪ್ರಿಲ್, 2022ರ ಏಪ್ರಿಲ್. ಹಳೆಯದಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದ ಭದ್ರತಾ ತಿದ್ದುಪಡಿಗಳು 2023ರಲ್ಲಿ ನಿಂತುಹೋಗಿದ್ದವು. ಹಾಗಾಗಿ ಬದಲಿಸಲೇಬೇಕಿತ್ತು.

ಹನ್ನೊಂದು ಕಂಪ್ಯೂಟರುಗಳು ಸರಿಯಾಗಿ ಎದ್ದು ನಿಂತವು. ಹನ್ನೆರಡನೆಯದು, ಕಿಟಕಿಯ ಬಳಿ ಇರುವುದು, ಎಲ್ಲಕ್ಕಿಂತ ಹಳೆಯದು. ಅದೂ ಎದ್ದಿತು. ಚಿತ್ರ ಬಂತು, ಕೀಬೋರ್ಡ್ ಸರಿ ಇತ್ತು, ಇಂಟರ್‌ನೆಟ್ ಸರಿ ಇತ್ತು. ಸ್ಪೀಕರಿನಲ್ಲಿ ಮಾತ್ರ ಶಬ್ದ ಇಲ್ಲ. ಬೇರೆ ಯಾವ ಕಂಪ್ಯೂಟರಿಗೆ ಹೀಗಾಗಿದ್ದರೂ ‘ಆಮೇಲೆ ನೋಡುವ’ ಎಂದು ಬಿಡುತ್ತಿದ್ದೆ. ಆದರೆ ಅದು ನಮ್ಮ ಎಂಟನೇ ತರಗತಿಯ ಒಬ್ಬಳು ಹುಡುಗಿ ಕುಳಿತುಕೊಳ್ಳುವ ಜಾಗ. ಅವಳಿಗೆ ಕಣ್ಣು ಕಾಣಿಸುವುದಿಲ್ಲ.

ಕಂಪ್ಯೂಟರಿನಲ್ಲಿ ಓರ್ಕ ಎಂಬ ತಂತ್ರಾಂಶ ಇದೆ. ಪರದೆಯ ಮೇಲೆ ಏನಿದೆಯೋ ಅದನ್ನು ಅದು ಓದಿ ಹೇಳುತ್ತದೆ. ಕೀಲಿ ಒತ್ತಿದರೆ ಯಾವ ಅಕ್ಷರ ಎಂದು ಹೇಳುತ್ತದೆ. ಅದರ ಸಹಾಯದಿಂದ ಈ ಹುಡುಗಿ ಕನ್ನಡದಲ್ಲಿ ತಾನೇ ಟೈಪ್ ಮಾಡಿ ನೋಟ್ಸ್ ಬರೆಯುತ್ತಾಳೆ. ಅವಳಿಗೆ ಮಾನಿಟರ್ ಎಂದರೆ ಸ್ಪೀಕರೇ. ಅವತ್ತು ಬಂದು ಕುಳಿತಳು, ಓರ್ಕ ಶುರುಮಾಡುವ ಮೂರು ಕೀಲಿಗಳನ್ನು ಒತ್ತಿದಳು, ಕಾದಳು, ಮತ್ತೆ ಒತ್ತಿದಳು. ಅದು ಶುರುವಾಯಿತೋ ಇಲ್ಲವೋ ಎಂದು ತಿಳಿಯುವುದಕ್ಕೂ ಅವಳಿಗೆ ಶಬ್ದವೇ ಬೇಕಲ್ಲ!

“ಟೀಚರೇ, ಇದಕ್ಕೆ ಬಾಯಿ ಹೋಗಿದೆ,” ಅಂದಳು.

ಓಣಂ ಪರೀಕ್ಷೆಗೆ ಮೂರು ವಾರ ಇತ್ತು. ನಮ್ಮ ಮಾಷ್ಟ್ರೊಬ್ಬರು, “ಕೆಲವು ನೂರು ರೂಪಾಯಿಗೆ ಯುಎಸ್‌ಬಿ ಸೌಂಡ್ ಅಡಾಪ್ಟರ್ ಸಿಗ್ತದೆ, ತಂದು ಚುಚ್ಚಿದ್ರೆ ಮುಗೀತು” ಅಂದರು. ಅವರು ಹೇಳಿದ್ದು ತಪ್ಪಲ್ಲ, ಅವಸರದಲ್ಲಿ ನಾನೂ ನಿಮಗೆ ಅದನ್ನೇ ಹೇಳಿಯೇನು. ಆದರೆ ಹಿಂದಿನ ದಿನ ಮಾತಾಡುತ್ತಿದ್ದ ಯಂತ್ರ ಈವತ್ತು ಮೂಕವಾದರೆ, ಅದರ ಒಳಗಿನ ಚಿಪ್ಪು ಒಂದೇ ರಾತ್ರಿಯಲ್ಲಿ ಹಾಳಾಗಿರುವ ಸಂಭವ ಕಡಿಮೆ. ಬದಲಾದದ್ದು ತಂತ್ರಾಂಶ ಮಾತ್ರ. ಹಾಗಾದರೆ ಶಬ್ದ ಎಲ್ಲೋ ದಾರಿಯಲ್ಲಿ ನಿಂತಿದೆ. ಎಲ್ಲಿ ಎಂದು ಹುಡುಕುವ ಕುತೂಹಲ ನನಗೆ.

ಆ ದಾರಿ ಎಂತದ್ದು ಎಂದು ಮೊದಲು ನೋಡೋಣ.

ಧ್ವನಿ ಎಂದರೆ ಕಂಪನ ಎಂದು ನೀವು ಓದಿದ್ದೀರಿ. ಕಂಪ್ಯೂಟರಿನ ಒಳಗೆ ಕಂಪನ ಇಲ್ಲ, ಸಂಖ್ಯೆಗಳು ಮಾತ್ರ. ಗ್ರಾಫ್ ಕಾಗದದ ಮೇಲೆ ಒಂದು ಅಲೆ ಬರೆಯಿರಿ. ಸಮಾನ ಅಂತರದಲ್ಲಿ ಅದರ ಮೇಲೆ ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯ ಎತ್ತರವನ್ನು ಪಟ್ಟಿ ಮಾಡಿ. ಆ ಪಟ್ಟಿಯೇ ಕಂಪ್ಯೂಟರಿನ ಪಾಲಿಗೆ ಧ್ವನಿ. ಸಾಮಾನ್ಯವಾಗಿ ಒಂದು ಸೆಕೆಂಡಿಗೆ 48,000 ಚುಕ್ಕೆ. ಅಷ್ಟು ಯಾಕೆ? ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳುತ್ತದೆ. ಒಂದು ಕಂಪನದ ಏರಿಳಿತವನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಚುಕ್ಕೆ ಬೇಕು. ಆದ್ದರಿಂದ 40,000ಕ್ಕಿಂತ ಮೇಲೆ ಇರಲೇಬೇಕು. ಪ್ರತಿ ಎತ್ತರವನ್ನು ಬರೆಯಲು ಎರಡು ಬೈಟ್. ಎಡ ಕಿವಿಗೆ ಒಂದು ಪಟ್ಟಿ, ಬಲ ಕಿವಿಗೆ ಒಂದು ಪಟ್ಟಿ. ಗುಣಿಸಿ ನೋಡಿ: ಸೆಕೆಂಡಿಗೆ 1,92,000 ಬೈಟ್. ಇಷ್ಟು ಸಂಖ್ಯೆಗಳು ಒಂದೂ ತಪ್ಪದೆ, ತಡವಾಗದೆ ಮದರ್‌ಬೋರ್ಡಿನ ಮೇಲಿರುವ ಒಂದು ಸಣ್ಣ ಚಿಪ್ಪಿಗೆ ತಲುಪಬೇಕು. ಆ ಚಿಪ್ಪಿನ ಹೆಸರು ಕೋಡೆಕ್. ಅದು ಸಂಖ್ಯೆಯನ್ನು ವೋಲ್ಟೇಜಾಗಿ ಬದಲಿಸುತ್ತದೆ. ವೋಲ್ಟೇಜ್ ತಂತಿಯಲ್ಲಿ ಹೋಗಿ ಸ್ಪೀಕರಿನ ಪರದೆಯನ್ನು ನಡುಗಿಸುತ್ತದೆ. ಅಲ್ಲಿಂದ ಮುಂದೆ ನಿಮ್ಮ ಪಾಠಪುಸ್ತಕದ ಧ್ವನಿ.

ಈಗ ಹಿಂದಕ್ಕೆ ಹೋಗಿ. ಓರ್ಕ ಪರದೆಯಲ್ಲಿ ‘ಕಮಲ’ ಎಂಬ ಪದ ನೋಡುತ್ತದೆ. ಅದನ್ನು ಇ-ಸ್ಪೀಕ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಕೊಡುತ್ತದೆ. ಇ-ಸ್ಪೀಕ್‌ನಲ್ಲಿ ಯಾರೋ ಓದಿ ರೆಕಾರ್ಡ್ ಮಾಡಿಟ್ಟ ದನಿ ಇಲ್ಲ. ಸ್ವರಗಳನ್ನು ಅದು ಲೆಕ್ಕ ಹಾಕಿ ತಯಾರಿಸುತ್ತದೆ. ಅದಕ್ಕೇ ಅದರ ಕನ್ನಡ ಮೂಗಿನಲ್ಲಿ ಮಾತಾಡಿದ ಹಾಗೆ ಕೇಳಿಸುವುದು. ಉಳಿದ ಮಕ್ಕಳು ನಗುತ್ತಾರೆ. ನಮ್ಮ ಹುಡುಗಿ ಅದನ್ನೇ ನಾವು ಯಾರೂ ಹಿಂಬಾಲಿಸಲಾಗದಷ್ಟು ವೇಗದಲ್ಲಿ ಇಟ್ಟು ಕೇಳುತ್ತಾಳೆ. ಇ-ಸ್ಪೀಕ್ ತಯಾರಿಸಿದ ಸಂಖ್ಯೆಗಳ ಪಟ್ಟಿ ಪಲ್ಸ್ ಆಡಿಯೋ ಎಂಬ ಮಧ್ಯವರ್ತಿಗೆ ಹೋಗುತ್ತದೆ. ಒಂದೇ ಹೊತ್ತಿಗೆ ವಿಡಿಯೋವೂ ಓರ್ಕವೂ ಶಬ್ದ ಮಾಡಿದರೆ ಎರಡು ಪಟ್ಟಿಗಳನ್ನು ಕೂಡಿಸಿ ಒಂದು ಮಾಡುವುದು ಇದರ ಕೆಲಸ. ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸುವುದೂ ಇದೇ. ಇನ್ನೂ ಹೊಸ ಉಬುಂಟುಗಳಲ್ಲಿ, 22.10ರಿಂದ ಈಚೆಗೆ, ಈ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಅದರ ಕೆಳಗೆ ಆಲ್ಸಾ, ಅಂದರೆ ಲಿನಕ್ಸಿನ ಧ್ವನಿ ವಿಭಾಗ. ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಶುರುಮಾಡಿದ ಕೆಲಸ ಅದು. ಆಲ್ಸಾದ ಒಳಗೆ ಒಂದೊಂದು ಜಾತಿಯ ಚಿಪ್ಪಿಗೆ ಒಂದೊಂದು ಡ್ರೈವರ್. ಡ್ರೈವರಿನ ಕೆಳಗೆ ಕೋಡೆಕ್.

ನಮ್ಮ ಕಡೆ ಮುರಕಲ್ಲಿನ ಗುಡ್ಡಗಳನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡುತ್ತಾರೆ. ಸೊಲ್ಲಾಪುರ, ಆದೋನಿ ಕಡೆಯ ಮಕ್ಕಳಿಗೆ ಇದು ಹೊಸದು ಇರಬಹುದು: ಇದು ಮಲಗಿಸಿದ ಬಾವಿಯಂತೆ. ಗುಡ್ಡದ ಹೊಟ್ಟೆಯಿಂದ ಜಿನುಗಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಅಲ್ಲಿಂದ ಕೊಳವೆಯಲ್ಲಿ ಮನೆಯ ಟಾಂಕಿಗೆ. ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ ಎಂದರೆ ಯಾರೂ ಹಾರೆ ಹಿಡಿದು ಸೀದಾ ಸುರಂಗದೊಳಗೆ ನುಗ್ಗುವುದಿಲ್ಲ. ಮೊದಲು ನಲ್ಲಿ, ಆಮೇಲೆ ಟಾಂಕಿ, ಆಮೇಲೆ ಕೊಳವೆಯ ಒಂದೊಂದು ಜೋಡಣೆ. ನಾವೂ ಹಾಗೇ ಹೊರಟೆವು.

ಮೊದಲು ಸ್ಪೀಕರ್. ಅದರ ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು ನನ್ನ ಮೊಬೈಲಿಗೆ ಚುಚ್ಚಿದೆ. ಹಾಡಿತು. ಅಲ್ಲಿಗೆ ನಲ್ಲಿ ಸರಿ ಇದೆ. ನಗಬೇಡಿ, ಸ್ಪೀಕರಿನ ಸ್ವಿಚ್ಚು ಹಾಕದೆ ಅರ್ಧ ದಿನ ಹುಡುಕಿದವರನ್ನು ನಾನು ಬಲ್ಲೆ. ಅವರಲ್ಲಿ ಒಬ್ಬಳು ನಾನೇ.

ಮುಂದೆ ಇನ್ನೊಂದು ತುದಿ. ಚಿಪ್ಪು ಕಂಪ್ಯೂಟರಿಗೆ ಕಾಣುತ್ತಿದೆಯೇ? ಟರ್ಮಿನಲ್ ತೆರೆದು, ಮದರ್‌ಬೋರ್ಡಿಗೆ ಸೇರಿದ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟೆವು. ಪಟ್ಟಿಯಲ್ಲಿ ‘ಆಡಿಯೋ ಡಿವೈಸ್’ ಎಂಬ ಸಾಲು ಇತ್ತು. ಅದಕ್ಕೆ ಡ್ರೈವರ್ ಸಿಕ್ಕಿದೆಯೇ? ‘ಎಪ್ಲೇ’ ಎಂಬ ಆಜ್ಞೆಯ ಮುಂದೆ ಒಂದು ಅಡ್ಡಗೆರೆ ಮತ್ತು ಎಲ್ ಅಕ್ಷರ ಹಾಕಿದರೆ, ಧ್ವನಿ ಹೊರಡಬಲ್ಲ ದಾರಿಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಅದರಲ್ಲೂ ನಮ್ಮ ಚಿಪ್ಪಿನ ಹೆಸರು ಇತ್ತು. ಡ್ರೈವರ್ ಕೆಲಸ ಮಾಡುತ್ತಿದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಹಳೆಯ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಾಗ ಶಬ್ದ ನಿಂತರೆ ಎಲ್ಲರೂ ಮೊದಲು ಬೈಯುವುದು ಡ್ರೈವರನ್ನು. ಬಹಳ ಕಾಲ ಅದು ಸರಿಯಾದ ಬೈಗುಳವೇ ಆಗಿತ್ತು. ಮೊದಮೊದಲಿನ ಸೌಂಡ್ ಕಾರ್ಡುಗಳು ಒಂದೊಂದೂ ಒಂದೊಂದು ಭಾಷೆ ಮಾತಾಡುತ್ತಿದ್ದವು. ಸಿಂಗಾಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರ್ ತಂದ ಕಾಲದಲ್ಲಿ, ಕಾರ್ಡು ಯಾವ ವಿಳಾಸದಲ್ಲಿದೆ, ಯಾವ ಸಂಖ್ಯೆಯ ತಂತಿಯಲ್ಲಿ ಕರೆಯುತ್ತದೆ ಎಂಬುದನ್ನೆಲ್ಲ ಬಳಸುವವರೇ ಕಂಪ್ಯೂಟರಿಗೆ ಬರೆದು ತಿಳಿಸಬೇಕಾಗಿತ್ತು. ಕಂಪನಿ ಹೊಸ ಡ್ರೈವರ್ ಬರೆಯದಿದ್ದರೆ ಕಾರ್ಡು ಚೆನ್ನಾಗಿದ್ದರೂ ಕಸ. ಈ ಗೊಂದಲ ಕಡಿಮೆಯಾದದ್ದು ಒಪ್ಪಂದಗಳಿಂದ. 1997ರಲ್ಲಿ ಇಂಟೆಲ್ ಎಸಿ 97 ಎಂಬ ಮಾದರಿಯನ್ನು ಮುಂದಿಟ್ಟಿತು, 2004ರಲ್ಲಿ ಎಚ್‌ಡಿ ಆಡಿಯೋ. ಈ ಎರಡನೆಯದರಲ್ಲಿ, ಚಿಪ್ಪು ಯಾರು ಮಾಡಿದ್ದರೂ ‘ನಿನ್ನಲ್ಲಿ ಏನೇನು ಉಂಟು?’ ಎಂದು ಡ್ರೈವರ್ ಕೇಳಿದರೆ ಒಂದೇ ರೀತಿಯಲ್ಲಿ ಉತ್ತರ ಕೊಡಬೇಕು. ಅದಕ್ಕೇ ಹದಿನೈದು ವರ್ಷ ಹಳೆಯ ಮದರ್‌ಬೋರ್ಡೂ ಈಗಿನ ಲಿನಕ್ಸಿಗೆ ಅರ್ಥವಾಗುತ್ತದೆ.

ನಿಮ್ಮ ಲ್ಯಾಬಿನಲ್ಲಿ ವಿಂಡೋಸ್ ಇದ್ದರೆ ಒಂದು ಮಾತು. 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಧ್ವನಿಯ ದಾರಿಯನ್ನೇ ಹೊಸದಾಗಿ ಕಟ್ಟಿದ್ದರು, ಹಾಗಾಗಿ ಎಕ್ಸ್‌ಪಿಗೆ ಬರೆದ ಅನೇಕ ಡ್ರೈವರುಗಳು ಅಲ್ಲಿ ನಡೆಯಲಿಲ್ಲ. 32 ಬಿಟ್ ವಿಂಡೋಸಿನ ಡ್ರೈವರ್ 64 ಬಿಟ್ ವಿಂಡೋಸಿನಲ್ಲಿ ಈಗಲೂ ನಡೆಯುವುದಿಲ್ಲ. ಕಂಪನಿಯ ಡ್ರೈವರ್ ಸಿಗದಿದ್ದರೆ ಡಿವೈಸ್ ಮ್ಯಾನೇಜರಿಗೆ ಹೋಗಿ ‘ಹೈ ಡೆಫಿನಿಷನ್ ಆಡಿಯೋ ಡಿವೈಸ್’ ಎಂಬ ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರನ್ನು ಆರಿಸಿ ನೋಡಿ. ಮೇಲೆ ಹೇಳಿದ ಒಪ್ಪಂದದ ದಯೆಯಿಂದ ಎಷ್ಟೋ ಸಲ ಅಷ್ಟು ಸಾಕಾಗುತ್ತದೆ.

ನಮ್ಮ ಕಥೆಗೆ ಬರುತ್ತೇನೆ. ‘ಎಪ್ಲೇ’ ಕೊಟ್ಟ ಪಟ್ಟಿಯಲ್ಲಿ ಒಂದಲ್ಲ, ಎರಡು ದಾರಿ ಇದ್ದವು. ಒಂದು ನಮ್ಮ ಹಸಿರು ತೂತಿನದು. ಇನ್ನೊಂದು ಎಚ್‌ಡಿಎಂಐ. ಮಾನಿಟರಿಗೆ ಚಿತ್ರ ಒಯ್ಯುವ ಆ ತಂತಿಯಲ್ಲಿ ಧ್ವನಿಯೂ ಹೋಗಬಹುದು. ಹೊಸ ಸಿಸ್ಟಮ್ ಮೊದಲ ಸಲ ಎದ್ದಾಗ ಎಚ್‌ಡಿಎಂಐಯನ್ನೇ ಮುಖ್ಯ ದಾರಿ ಎಂದು ಆರಿಸಿಕೊಂಡಿತ್ತು. ನಮ್ಮ ಮಾನಿಟರಿಗೆ ಸ್ಪೀಕರೇ ಇಲ್ಲ! ಅಷ್ಟು ಹೊತ್ತು ಓರ್ಕ ಪಾಪ ಮಾತಾಡುತ್ತಲೇ ಇತ್ತು, ಕಿವಿ ಇಲ್ಲದ ಗೋಡೆಗೆ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್, ಅದರಲ್ಲಿ ಔಟ್‌ಪುಟ್, ಅದರಲ್ಲಿ ‘ಲೈನ್ ಔಟ್’ ಆರಿಸಿದೆ. ಗೆದ್ದೆ ಎಂದುಕೊಂಡೆ.

ಶಬ್ದ ಬರಲಿಲ್ಲ.

ಉಳಿದದ್ದು ಕೊನೆಯ ಜೋಡಣೆ, ಚಿಪ್ಪಿನ ಒಳಗಿನ ನಲ್ಲಿಗಳು. ಹೌದು, ಚಿಪ್ಪಿನ ಒಳಗೂ ನಲ್ಲಿಗಳಿವೆ. ಅವನ್ನು ನೋಡಲು ಟರ್ಮಿನಲ್ಲಿನಲ್ಲಿ ‘ಆಲ್ಸಾಮಿಕ್ಸರ್’ ಎಂದು ಬರೆದರೆ ಸಾಕು. ಪರದೆಯ ಮೇಲೆ ಥರ್ಮಾಮೀಟರಿನ ಹಾಗೆ ಸಾಲಾಗಿ ಕಂಬಗಳು ಕಾಣುತ್ತವೆ. ಎಫ್6 ಒತ್ತಿ ನಿಮ್ಮ ಕಾರ್ಡನ್ನು ಆರಿಸಬೇಕು. ಪ್ರತಿ ಕಂಬದ ಕೆಳಗೆ ಒಂದು ಸಣ್ಣ ಚೌಕ. ಅದರಲ್ಲಿ ಎರಡು ಸೊನ್ನೆ ಇದ್ದರೆ ನಲ್ಲಿ ತೆರೆದಿದೆ, ಎರಡು ‘ಎಂ’ ಇದ್ದರೆ ಮುಚ್ಚಿದೆ. ಎಂ ಕೀಲಿ ಒತ್ತಿದರೆ ಇದರಿಂದ ಅದಕ್ಕೆ ಬದಲಾಗುತ್ತದೆ. ಕಂಬ ಎಷ್ಟೇ ಎತ್ತರ ಇರಲಿ, ಕೆಳಗೆ ‘ಎಂ’ ಇದ್ದರೆ ಶಬ್ದ ಇಲ್ಲ. ಅನೇಕರು ಇಲ್ಲೇ ಮೋಸ ಹೋಗುತ್ತಾರೆ. ನಮ್ಮದರಲ್ಲಿ ಎಲ್ಲವೂ ತೆರೆದಿದ್ದವು. ಬಲಗಡೆಯ ತುದಿಗೆ ಹೋದಾಗ ಕಂಬವೇ ಇಲ್ಲದ ಒಂದು ಹೆಸರು ಕಂಡಿತು: ‘ಆಟೋ ಮ್ಯೂಟ್ ಮೋಡ್’. ಅದರ ಮೇಲೆ ‘ಎನೇಬಲ್ಡ್’ ಎಂದಿತ್ತು.

ಕಂಪ್ಯೂಟರಿನ ಮುಂದುಗಡೆ ಇಯರ್‌ಫೋನ್ ಚುಚ್ಚಿದರೆ ಹಿಂದಿನ ಸ್ಪೀಕರ್ ತಾನಾಗಿ ಸುಮ್ಮನಾಗುವ ಸೌಕರ್ಯ ಇದು. ಆದರೆ ಮುಂದೆ ಯಾವ ಇಯರ್‌ಫೋನೂ ಇರಲಿಲ್ಲ. ಆದರೂ ಇದೆ ಎಂದು ಚಿಪ್ಪು ನಂಬಿದ್ದರೆ? ಕೀಲಿ ಒತ್ತಿ ‘ಡಿಸೇಬಲ್ಡ್’ ಮಾಡಿದೆ. ಆ ಕ್ಷಣಕ್ಕೆ ಸ್ಪೀಕರಿನಿಂದ ಮೂಗಿನ ಕನ್ನಡ ಗಟ್ಟಿಯಾಗಿ ಹೊರಟಿತು. ಹುಡುಗಿ ಕೈ ತಟ್ಟಿದಳು.

ಇಲ್ಲದ ಇಯರ್‌ಫೋನನ್ನು ಚಿಪ್ಪು ಯಾಕೆ ಕಂಡಿತು? ನನಗೆ ಥಟ್ಟನೆ ಒಂದು ಹಳೆಯ ಮಳೆಗಾಲ ನೆನಪಾಯಿತು. ಸಿಡಿಲು ಬಡಿದು ಈ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತ್ತು. ದುಡ್ಡು ಉಳಿಸಲು ಹಳೆಯ ಡಬ್ಬದ ಒಳಗೇ ಬೇರೆ ಬೋರ್ಡು ಕೂರಿಸಿದ್ದೆವು. ಡಬ್ಬ ಎಸಿ 97ರ ಕಾಲದ್ದು, ಬೋರ್ಡು ಎಚ್‌ಡಿ ಆಡಿಯೋದ್ದು.

ಎಸಿ 97 ಡಬ್ಬದ ಮುಂದಿನ ತೂತಿನಲ್ಲಿ ಒಂದು ಸರಳ ಉಪಾಯ ಇದೆ. ಬೋರ್ಡಿನಿಂದ ಹೊರಟ ಧ್ವನಿ ಮೊದಲು ಮುಂದಿನ ತೂತಿಗೆ ಬಂದು, ಅಲ್ಲಿನ ಒಂದು ತೆಳ್ಳಗಿನ ಲೋಹದ ಪಟ್ಟಿಯನ್ನು ಹಾದು, ಬೋರ್ಡಿಗೆ ವಾಪಸು ಹೋಗಿ ಹಿಂದಿನ ಸ್ಪೀಕರಿಗೆ ತಲುಪುತ್ತಿತ್ತು. ಇಯರ್‌ಫೋನ್ ಚುಚ್ಚಿದರೆ ಪಿನ್ನು ಆ ಪಟ್ಟಿಯನ್ನು ದೂರ ತಳ್ಳುತ್ತದೆ, ಹಿಂದಿನ ದಾರಿ ಕಡಿಯುತ್ತದೆ. ನಿಮ್ಮ ಅಜ್ಜನ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇಯರ್‌ಫೋನ್ ಹಾಕಿದ ಕೂಡಲೇ ದೊಡ್ಡ ಸ್ಪೀಕರ್ ನಿಲ್ಲುವುದೂ ಹೀಗೆಯೇ. ಚಿಪ್ಪಿಗೆ ಇದರ ಗೊಡವೆಯೇ ಇಲ್ಲ. ಎಚ್‌ಡಿ ಆಡಿಯೋದಲ್ಲಿ ಹಾಗಲ್ಲ. ತೂತಿನಿಂದ ಚಿಪ್ಪಿಗೆ ಬೇರೆಯೇ ಒಂದು ಸುದ್ದಿ ಮುಟ್ಟಿಸುವ ತಂತಿ ಇರುತ್ತದೆ. ಪಿನ್ನು ಬಂತು ಎಂದು ಅದು ತಿಳಿಸುತ್ತದೆ, ಸ್ಪೀಕರ್ ಮುಚ್ಚುವ ತೀರ್ಮಾನ ತಂತ್ರಾಂಶದ್ದು. ಎರಡಕ್ಕೂ ಬೋರ್ಡಿನ ಮೇಲೆ ಕೂರುವ ಪ್ಲಗ್ ಒಂದೇ ಅಳತೆಯದು, ಆದ್ದರಿಂದ ಚುಚ್ಚಿದರೆ ಸಲೀಸಾಗಿ ಕೂರುತ್ತದೆ. ಆದರೆ ಹಳೆಯ ಡಬ್ಬದ ತಂತಿಗಳ ಮಾತು ಹೊಸ ಚಿಪ್ಪಿಗೆ ತಿಳಿಯುವುದಿಲ್ಲ. ನಮ್ಮದು ಅದನ್ನು ‘ಇಯರ್‌ಫೋನ್ ಉಂಟು’ ಎಂದೇ ಓದುತ್ತಿತ್ತು, ಯಾವಾಗಲೂ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಬೋರ್ಡು ಹಾಕಲು ಬಂದ ಹುಡುಗ ಅವತ್ತು, “ಒಂದು ಸಣ್ಣ ಕೆಲಸ ಬಾಕಿ ಉಂಟು ಟೀಚರೇ” ಎಂದು ಏನೋ ಎರಡು ಕೀಲಿ ಒತ್ತಿ ಹೋಗಿದ್ದ. ಒತ್ತಿದ್ದು ಇದೇ ಇರಬೇಕು. ಹಳೆಯ ಆಪರೇಟಿಂಗ್ ಸಿಸ್ಟಮ್ ಅದನ್ನು ಸುಮ್ಮನೆ ನೆನಪಿಟ್ಟುಕೊಂಡು ಬಂದಿತ್ತು. ಹೊಸದನ್ನು ಹಾಕುವಾಗ ಡಿಸ್ಕ್ ಪೂರ್ತಿ ಒರೆಸಿದೆವು, ಆ ನೆನಪೂ ಒರೆಸಿಹೋಯಿತು. ಅವನು ಏನು ಮಾಡಿದ ಎಂದು ನಾನು ಕೇಳಲಿಲ್ಲ, ಬರೆದಿಡಲೂ ಇಲ್ಲ. ಈ ತಪ್ಪು ಯಂತ್ರದ್ದಲ್ಲ.

ಮಾರನೇ ದಿನ ಬೆಳಿಗ್ಗೆ ಮತ್ತೆ ಮೂಕ. ರಾತ್ರಿಯಲ್ಲ, ಹಿಂದಿನ ಸಂಜೆಯೇ ಮಳೆಗೆ ಕರೆಂಟು ಹೋಗಿತ್ತು. ಕಂಪ್ಯೂಟರನ್ನು ಕ್ರಮವಾಗಿ ಶಟ್‌ಡೌನ್ ಮಾಡಿರಲಿಲ್ಲ. ಆಲ್ಸಾದ ಈ ನಲ್ಲಿಗಳ ಸ್ಥಿತಿಯನ್ನು ಶಟ್‌ಡೌನ್ ಆಗುವ ಹೊತ್ತಿಗೆ ಒಂದು ಕಡತದಲ್ಲಿ ಬರೆದಿಡುವುದು, ಎದ್ದಾಗ ಅದನ್ನು ಓದಿಕೊಳ್ಳುವುದು ಉಬುಂಟುವಿನ ಪದ್ಧತಿ. ಕರೆಂಟು ಹೋದರೆ ಬರೆಯಲು ಸಮಯ ಎಲ್ಲಿ? ‘ಆಲ್ಸಾಸಿಟಿಎಲ್ ಸ್ಟೋರ್’ ಎಂಬ ಆಜ್ಞೆಯನ್ನು ಅಡ್ಮಿನ್ ಅಧಿಕಾರದಿಂದ ಕೊಟ್ಟರೆ ಆ ಕ್ಷಣವೇ ಬರೆದುಕೊಳ್ಳುತ್ತದೆ. ಕೊಟ್ಟೆವು. ಬೇಕೆಂದೇ ಪ್ಲಗ್ ಕಿತ್ತು ಪರೀಕ್ಷಿಸೋಣ ಎಂದು ಒಬ್ಬ ಹುಡುಗ ಹೇಳಿದ. ಬೇಡ ಅಂದೆ. ಪ್ಲಗ್ ಕಿತ್ತರೆ ಡಿಸ್ಕಿಗೆ ಪೆಟ್ಟು. ರೀಸ್ಟಾರ್ಟ್ ಮಾಡಿ ನೋಡಿದೆವು, ದನಿ ಇತ್ತು.

ಇಷ್ಟಕ್ಕೇ ಈ ಲೇಖನ ಮುಗಿಯಬೇಕಿತ್ತು. ಎರಡು ದಿನ ಕಳೆದು ಹುಡುಗಿ ಬಂದು, “ಟೀಚರೇ, ಅದು ಮೊದಲನೇ ಅಕ್ಷರ ನುಂಗ್ತದೆ” ಅಂದಳು.

ನಾನು ಹೋಗಿ ನೋಡಿದೆ. ನಾನು ಟೈಪ್ ಮಾಡಿದಾಗ ಪ್ರತಿ ಅಕ್ಷರವೂ ಸರಿಯಾಗಿ ಕೇಳಿತು. “ಎಲ್ಲ ಸರಿ ಉಂಟಲ್ಲ?” ಅಂದೆ. “ನೀವು ಬೇಗ ಬೇಗ ಒತ್ತಿದ್ರಿ. ನಾನು ಏನು ಬರೆಯುವುದು ಅಂತ ಯೋಚಿಸ್ತಾ ಕೂತು ಆಮೇಲೆ ಒತ್ತಿದ್ರೆ ಮಾತ್ರ ನುಂಗುವುದು.”

ಇದು ಸಣ್ಣ ವಿಷಯ ಎಂದುಕೊಳ್ಳಬೇಡಿ. ಅವಳು ‘ಕಮಲ’ ಎಂದು ಬರೆಯಬೇಕು. ‘ಕ’ ಒತ್ತುತ್ತಾಳೆ. ಕೇಳುವುದಿಲ್ಲ. ಒತ್ತಲಿಲ್ಲವೇನೋ ಎಂದು ಮತ್ತೆ ಒತ್ತುತ್ತಾಳೆ. ಈಗ ಕೇಳುತ್ತದೆ. ಪುಟದ ಮೇಲೆ ‘ಕಕಮಲ’ ಎಂದು ಮೂಡುತ್ತದೆ. ಕಣ್ಣಿರುವ ನಮಗೆ ತಪ್ಪು ಕಾಣುತ್ತದೆ. ಅವಳು ಮತ್ತೆ ಆ ಸಾಲಿಗೆ ಹೋಗಿ ಒಂದೊಂದೇ ಅಕ್ಷರ ಕೇಳಬೇಕು. ವಿಡಿಯೋ ನೋಡುವವರಿಗೆ ಆರಂಭದ ಕಾಲು ಸೆಕೆಂಡು ಶಬ್ದ ಹೋದರೆ ಗೊತ್ತೇ ಆಗುವುದಿಲ್ಲ. ಅವಳಿಗೆ ಒಂದು ಅಕ್ಷರವೇ ಕಾಲು ಸೆಕೆಂಡು.

ಎಷ್ಟು ಹೊತ್ತು ಯೋಚಿಸಿದರೆ ನುಂಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲ, ನೋಡುವ ಎಂದಳು. ನಾನು ಗಡಿಯಾರ ಹಿಡಿದೆ, ಅವಳು ಕೀಲಿ ಒತ್ತಿದಳು. ಐದು ಸೆಕೆಂಡು ಬಿಟ್ಟು ಒತ್ತಿದರೆ ಕೇಳಿತು. ಹತ್ತು ಬಿಟ್ಟರೂ ಕೇಳಿತು. ಇಪ್ಪತ್ತು ಬಿಟ್ಟರೆ ನುಂಗಿತು. ಹದಿನೆಂಟು, ನುಂಗಿತು. ಹನ್ನೆರಡು, ಕೇಳಿತು. ಹೀಗೆ ಎರಡೂ ಕಡೆಯಿಂದ ಹತ್ತಿರ ತಂದಾಗ ಗಡಿ ಹದಿನೈದರ ಆಸುಪಾಸಿನಲ್ಲಿ ಸಿಕ್ಕಿತು.

ಹದಿನೈದು ಎಲ್ಲಿಂದ ಬಂತು? ಹುಡುಕಿದಾಗ ಎರಡು ಗಡಿಯಾರ ಸಿಕ್ಕವು. ಪಲ್ಸ್ ಆಡಿಯೋ ತನ್ನ ಬಳಿ ಕೆಲಸ ಇಲ್ಲದೆ 5 ಸೆಕೆಂಡು ಕಳೆದರೆ ಚಿಪ್ಪಿನ ಬಾಗಿಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮೇಲೆ ಡ್ರೈವರ್ ತನ್ನ ಲೆಕ್ಕ ಶುರುಮಾಡುತ್ತದೆ. ಅದರ ‘ಪವರ್ ಸೇವ್’ ಎಂಬ ಕಡತ ತೆರೆದರೆ 10 ಎಂದಿತ್ತು. ಅಂದರೆ ಹತ್ತು ಸೆಕೆಂಡು ಯಾರೂ ಬಾರದಿದ್ದರೆ ವಿದ್ಯುತ್ ಉಳಿಸಲು ಕೋಡೆಕ್ಕನ್ನು ಮಲಗಿಸು. ಐದು, ಹತ್ತು, ಕೂಡಿಸಿ ಹದಿನೈದು. ಮಲಗಿದ ಚಿಪ್ಪನ್ನು ಎಬ್ಬಿಸಿ ಅದರ ವೋಲ್ಟೇಜ್ ಒಂದು ನೆಲೆಗೆ ಬರುವಷ್ಟರಲ್ಲಿ ‘ಕ’ ಹೇಳಿ ಆಗಿರುತ್ತದೆ.

ಪವರ್ ಸೇವಿನ 10ನ್ನು ಅಳಿಸಿ 0 ಬರೆದೆವು. ಸೊನ್ನೆ ಎಂದರೆ ಮಲಗಿಸಲೇಬೇಡ ಎಂದು. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಹೇಳಲಾಗುವುದಿಲ್ಲ. ಇಪ್ಪತ್ತು ಸೆಕೆಂಡು ಕಾದು ಅವಳು ಒತ್ತಿದಳು. ಕೇಳಿತು. ಒಂದು ನಿಮಿಷ ಕಾದು ಒತ್ತಿದಳು. ಕೇಳಿತು. ಸಂಶಯಕ್ಕೆ ಮತ್ತೆ 10 ಬರೆದು ನೋಡಿದೆವು, ನುಂಗಿತು. ಪುನಃ 0. ಈ ಬದಲಾವಣೆ ಕಂಪ್ಯೂಟರ್ ಮತ್ತೆ ಎದ್ದಾಗಲೂ ಉಳಿಯುವಂತೆ ಡ್ರೈವರಿನ ಆಯ್ಕೆಗಳನ್ನು ಬರೆಯುವ ಕಡತದಲ್ಲಿ ಒಂದು ಸಾಲು ಸೇರಿಸಿದೆ. ಗೋಡೆಯ ಪ್ಲಗ್ಗಿನಿಂದ ನಡೆಯುವ ಕಂಪ್ಯೂಟರಿಗೆ ಆ ಸಣ್ಣ ಚಿಪ್ಪು ಎಚ್ಚರ ಇದ್ದರೆ ಹೆಚ್ಚಾಗುವ ಖರ್ಚು ಲೆಕ್ಕಕ್ಕೆ ಇಲ್ಲ. ಬ್ಯಾಟರಿಯ ಲ್ಯಾಪ್‌ಟಾಪಿನಲ್ಲಿ ಮಾಡುವ ಮೊದಲು ಸ್ವಲ್ಪ ಯೋಚಿಸಿ.

ಪರೀಕ್ಷೆಯ ದಿನ ಅವಳಿಗೆ ಹೆಡ್‌ಫೋನ್ ಬೇಕಾಯಿತು, ಇಲ್ಲದಿದ್ದರೆ ಅವಳ ಉತ್ತರವನ್ನೆಲ್ಲ ಓರ್ಕ ತರಗತಿಗೇ ಓದಿ ಹೇಳುತ್ತದೆ. ಮುಂದಿನ ತೂತಿನ ಗತಿ ನಿಮಗೆ ಗೊತ್ತು. ಹಾಗಾಗಿ ಡಬ್ಬ ತೆರೆದು ಅದರ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತುಬಿಟ್ಟೆವು. ಈಗ ಸುಳ್ಳು ಸುದ್ದಿ ಕೊಡುವ ತಂತಿಯೇ ಇಲ್ಲ. ಹಿಂದಿನ ಹಸಿರು ತೂತಿನಿಂದ ಒಂದು ಉದ್ದದ ವೈರ್ ಎಳೆದು ಮೇಜಿನ ಕಾಲಿಗೆ ಟೇಪ್ ಸುತ್ತಿ ಅವಳ ಕೈಗೆ ಸಿಗುವಲ್ಲಿ ನಿಲ್ಲಿಸಿದ್ದೇವೆ. ಮಾಡಿದ್ದನ್ನೆಲ್ಲ ಲ್ಯಾಬಿನ ರಿಜಿಸ್ಟರಿನಲ್ಲಿ ನಾನು ಬರೆದೆ. ಡಬ್ಬದ ಬದಿಗೆ ಅಂಟಿಸಿದ ಚೀಟಿಯನ್ನು ಟೈಪ್ ಮಾಡಿದವಳು ಅವಳು. ಅದರಲ್ಲಿ ಒಂದೂ ತಪ್ಪಿಲ್ಲ.